ಒಂದನೇ ತರಗತಿಗೆ ಐದೋ, ಆರೋ?

ಚೆನ್ನೈನ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಜುಲೈ 31ಕ್ಕೆ ಐದು ವರ್ಷ ತುಂಬಿದ ಮಗು ಒಂದನೇ ತರಗತಿಗೆ ಸೇರಬಹುದು. ಅದೇ ಊರಿನ ಕೇಂದ್ರೀಯ ವಿದ್ಯಾಲಯಗಳಲ್ಲಿ 2022ರಿಂದ ಆರು ತುಂಬಿರಲೇಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದೂ ಆರನ್ನೇ. ಮಕ್ಕಳ ಮನಸ್ಸಿನ ನೆಮ್ಮದಿಗಾಗಿ ತಮಿಳುನಾಡೂ ಆರಕ್ಕೆ ಬರಬೇಕೇ?

ಪರ: ಒಂದು ವರ್ಷ ಕಾಯೋಣ

ಐದರ ಮಗುವಿಗೆ ಒಂದು ವರ್ಷವೆಂದರೆ ಆಯುಸ್ಸಿನ ಐದನೇ ಒಂದು ಪಾಲು. ಕೂತಲ್ಲಿ ಕೂರಲಾಗದ ಎಳೆತನ ತರಗತಿಯಲ್ಲಿ ತುಂಟತನವಾಗಿ, ಕೆಲವೊಮ್ಮೆ ಕಾಯಿಲೆಯಾಗಿಯೂ ಕಾಣುತ್ತದೆ. ಶಾಲೆ ಸೇರುವ ವಯಸ್ಸಿಗೆ ಸೆಪ್ಟೆಂಬರ್ 1ರ ಗಡಿಯಿರುವ ಅಮೆರಿಕದ ರಾಜ್ಯಗಳಲ್ಲಿ, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಆಗಸ್ಟ್‌ನಲ್ಲಿ ಹುಟ್ಟಿದ, ಅಂದರೆ ತರಗತಿಯಲ್ಲೇ ಕಿರಿಯರಾದ ಮಕ್ಕಳಿಗೆ ಎಡಿಎಚ್‌ಡಿ (ಗಮನ ಕೊರತೆ, ಅತಿ ಚಟುವಟಿಕೆಯ ತೊಂದರೆ) ಎಂಬ ಹಣೆಪಟ್ಟಿ ಶೇ 34ರಷ್ಟು ಹೆಚ್ಚು ಬಿದ್ದಿತ್ತೆಂದು 2018ರ ಅಧ್ಯಯನವೊಂದು ತೋರಿಸಿತು. ಡೆನ್ಮಾರ್ಕ್‌ನಲ್ಲಿ ಒಂದು ವರ್ಷ ತಡವಾಗಿ ಶಾಲೆಗೆ ಸೇರಿದವರಲ್ಲಿ ಚಂಚಲತೆ ಹನ್ನೊಂದನೇ ವಯಸ್ಸಿನಲ್ಲೂ ಬಹಳ ಕಡಿಮೆಯಿತ್ತು. ನಮ್ಮಲ್ಲಿ ಅವಸರದ ಬೆಲೆ ಮುಂದೆ ಇನ್ನೂ ಏರುತ್ತದೆ. ತರಗತಿಯ ಅತಿ ಕಿರಿಯರು ಹದಿನೈದು ತುಂಬುವ ಮೊದಲೇ ಹತ್ತರ ಪಬ್ಲಿಕ್ ಪರೀಕ್ಷೆ, ಹದಿನೇಳು ತುಂಬುವ ಮೊದಲೇ ಪ್ಲಸ್ ಟು ಮತ್ತು ನೀಟ್ ಎದುರಿಸುತ್ತಾರೆ. ಅಷ್ಟು ಭಾರ ಹೊರಲು ಅವರಿಗೊಂದು ವರ್ಷ ಹೆಚ್ಚು ಕೊಡುವುದು ನ್ಯಾಯ.

ವಿರೋಧ: ಬದಲಾಗಬೇಕಾದ್ದು ತರಗತಿ

ಗಡಿಯನ್ನು ಎಲ್ಲಿಟ್ಟರೂ ಯಾರೋ ಒಬ್ಬರು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾಗಿಯೇ ಇರುತ್ತಾರೆ. ಅಮೆರಿಕದ ಅಧ್ಯಯನ ಹೇಳುವುದು ಆ ಅಂತರದ ಕಥೆಯನ್ನು; ಆರಕ್ಕೆ ಸರಿದರೂ ಅದು ಹಾಗೇ ಉಳಿಯುತ್ತದೆ. ಡೆನ್ಮಾರ್ಕ್‌ನ ಮಗು ಕಾಯುವ ವರ್ಷವನ್ನು ಒಳ್ಳೆಯ ಶಿಶುವಿಹಾರದಲ್ಲಿ ಕಳೆಯುತ್ತದೆ. ಚೆನ್ನೈನ ಕಣ್ಣಗಿ ನಗರದ ಮನೆಗೆಲಸದ ತಾಯಿಗೆ ಆ ವರ್ಷವೆಂದರೆ ಇನ್ನೊಂದು ಯುಕೆಜಿ ಫೀಸು, ಇಲ್ಲವೇ ಅಕ್ಕನ ಕೈಗೆ ಒಪ್ಪಿಸಿದ ತಮ್ಮ. 2019ರಲ್ಲಿ ತಮಿಳುನಾಡು ಎಲ್‌ಕೆಜಿ, ಯುಕೆಜಿ ತೆರೆದದ್ದು 2,381 ಅಂಗನವಾಡಿಗಳಲ್ಲಿ ಮಾತ್ರ. 2022ರಲ್ಲಿ ಶುರುವಾದ ಮುಖ್ಯಮಂತ್ರಿ ಉಪಾಹಾರ ಯೋಜನೆಯ ತಿಂಡಿ ಸಿಗುವುದೂ ಒಂದನೇ ತರಗತಿಯಿಂದ. ಬೆಳಗಿನ ಹಸಿವೂ ಮನಸ್ಸನ್ನು ಕಂಗೆಡಿಸುತ್ತದೆ. ಕರ್ನಾಟಕ ಆರರ ನಿಯಮ ತರಲು ಹೊರಟಾಗ, ಮಕ್ಕಳು ಯುಕೆಜಿಯಲ್ಲೇ ಮತ್ತೆ ಕೂರಬೇಕಾಗುತ್ತದೆಂದು ಪೋಷಕರು ಅಳಲು ತೋಡಿಕೊಂಡರು. 2025–26ಕ್ಕೆ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು.

ದಾರಿ ಚೆನ್ನೈನಲ್ಲೇ ಇದೆ. 2003ರಲ್ಲಿ ಇಲ್ಲಿನ ಪಾಲಿಕೆ ಶಾಲೆಗಳು ಚಟುವಟಿಕೆ ಆಧಾರಿತ ಕಲಿಕೆ ಆರಂಭಿಸಿದವು: ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಸಾಗುವ ಪದ್ಧತಿ. ಅದನ್ನು ನಿಷ್ಠೆಯಿಂದ ನಡೆಸಲಿ, ಮೊದಲ ಎರಡು ವರ್ಷ ಮಕ್ಕಳನ್ನು ಪರಸ್ಪರ ಹೋಲಿಸದಿರಲಿ. ಆಗ ಐದರ ಮಗುವೂ ನಿರಾಳವಾಗಿ ಕಲಿಯುತ್ತದೆ.