ಕಾರಿನ ಮೈಗೆ ಗೀರು ಬಿದ್ದರೆ

ಧೂಳು ಹಿಡಿದ ಕಾರನ್ನು ಒಣಬಟ್ಟೆಯಲ್ಲಿ ಒರೆಸಲೇಬೇಡಿ ಅಕ್ಕಂದಿರೇ, ಮಂಕು ಕವಿಯುವುದೇ ಅದರಿಂದ. ಮೊದಲು ಧಾರಾಳವಾಗಿ ನೀರು ಹುಯ್ದು ತೊಳೆಯಿರಿ. ಒಣಗಿದ ಮೇಲೆ ಗೀರಿನ ಮೇಲೆ ಉಗುರು ಆಡಿಸಿ. ಸಿಕ್ಕಿಕೊಳ್ಳಲಿಲ್ಲವೇ? ಹಾಗಾದರೆ ಪೆಟ್ಟು ಬಿದ್ದಿರುವುದು ಬಣ್ಣದ ಮೇಲಿನ ಪಾರದರ್ಶಕ ಪದರಕ್ಕಷ್ಟೇ. ನೆರಳಲ್ಲಿ ನಿಲ್ಲಿಸಿ, ಮೆತ್ತನೆ ಬಟ್ಟೆಗೆ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಗುರವಾಗಿ ಉಜ್ಜಿ, ಒರೆಸಿ, ಮೇಲೆ ವ್ಯಾಕ್ಸ್ ಹಚ್ಚಿ. ಮಂಕಿಗೂ ಇದೇ ಮದ್ದು.

ಆದರೆ ಆ ಪದರ ಸುಮಾರು 50 ಮೈಕ್ರಾನ್, ನೋಟುಪುಸ್ತಕದ ಹಾಳೆಗಿಂತ ತೆಳು! ಉಜ್ಜಿದಷ್ಟೂ ಸವೆಯುತ್ತೆ, ಮತ್ತೆ ಬರೋಲ್ಲ. ನಮ್ಮೆಜಮಾನ್ರು ಹಬ್ಬಕ್ಕೊಮ್ಮೆ ಡಬ್ಬಿ ಹುಡುಕ್ತಾರೆ, ನಾನು ಬಚ್ಚಿಡ್ತೀನಿ. ಪಾತ್ರೆ ತಿಕ್ಕುವ ನಾರಂತೂ ಹತ್ತಿರ ಸುಳಿಯಬಾರದು.

ಉಗುರು ಸಿಕ್ಕಿಕೊಂಡರೆ ಉಜ್ಜಿ ಪ್ರಯೋಜನವಿಲ್ಲ. ತಗಡೇ ಕಂಡರಂತೂ ಮಳೆಗಾಲ ಬರುವ ಮೊದಲೇ ಪೇಂಟರ್ ಹತ್ತಿರ ಟಚ್‌ಅಪ್ ಮಾಡಿಸಿ, ಇಲ್ಲದಿದ್ದರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತೆ.