ಊರಿಗೆ ಹೊರಟಾಗ ಹೆಗಲಿಗೆ ಎಷ್ಟು ಭಾರ?



ಆರ್.ಟಿ. ನಗರದ ಓದುಗರೊಬ್ಬರು ಕೇಳಿರುವ ಪ್ರಶ್ನೆಗೆ ಈ ತಿಂಗಳ ಪುಟ ಪೂರ್ತಿ ಮೀಸಲು. ಅವರು ಬಿ.ಕಾಂ. ಓದಿದವರು. ನಾಲ್ಕೈದು ಸಣ್ಣ ಅಂಗಡಿಗಳ ಲೆಕ್ಕಪತ್ರವನ್ನು ಮನೆಯಲ್ಲೇ ಟ್ಯಾಲಿಯಲ್ಲಿ ಬರೆದು, ಜಿಎಸ್‌ಟಿ ರಿಟರ್ನ್ ಸಲ್ಲಿಸಿಕೊಡುತ್ತಾರೆ. ಪುತ್ತೂರಿನಲ್ಲಿ ಅವರ ಉಮ್ಮನಿಗೆ ಹುಷಾರಿಲ್ಲ. ಅಕ್ಕತಂಗಿಯರು ಸರದಿ ಹಾಕಿಕೊಂಡು ನೋಡಿಕೊಳ್ಳುತ್ತಿದ್ದಾರೆ. ಇವರ ಸರದಿ ತಿಂಗಳಿಗೆ ಒಂದು ವಾರ. ಮನೆಯಲ್ಲಿ ಇರುವುದು ಒಂದೇ ದೊಡ್ಡ ಲ್ಯಾಪ್‌ಟಾಪ್, ಮಕ್ಕಳ ಓದಿಗೂ ಅದೇ. "ಅದನ್ನೇ ತೆಗೆದುಕೊಂಡು ಹೋಗು" ಎನ್ನುತ್ತಾರೆ ಯಜಮಾನರು. "ಮೊಬೈಲಲ್ಲೇ ಮಾಡಬಹುದಲ್ಲ" ಎನ್ನುತ್ತಾನೆ ಮಗ. "ಕೆಲಸವನ್ನೇ ಬಿಟ್ಟುಬಿಡಲೇ?" ಎಂದು ಇವರು ಕೇಳುತ್ತಾರೆ.

ಬಿಡಬೇಡಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಅಂಗಡಿಯವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು, 3ಬಿಗೆ 20ನೇ ತಾರೀಕು ಕೊನೆಯ ದಿನ. ತಡವಾದರೆ ಸಾಮಾನ್ಯವಾಗಿ ದಿನಕ್ಕೆ 50 ರೂಪಾಯಿಯಂತೆ ದಂಡ. ಅಂಗಡಿಯವರು ಒಂದು ಸಲ ಸಹಿಸಿಕೊಂಡಾರು, ಎರಡನೆಯ ಸಲ ಬೇರೆಯವರನ್ನು ಹುಡುಕುತ್ತಾರೆ. ಉಮ್ಮನ ಕಾಯಿಲೆಗೆ ತಾರೀಕು ಗೊತ್ತಿರುವುದಿಲ್ಲ, ಇಲಾಖೆಗೆ ಉಮ್ಮನ ಕಾಯಿಲೆ ಗೊತ್ತಿರುವುದಿಲ್ಲ. ಆದ್ದರಿಂದ ಕೆಲಸ ನಿಮ್ಮ ಜೊತೆಗೇ ಊರಿಗೆ ಬರಬೇಕು. ಹೊರುವ ಭಾರ ಎಷ್ಟು ಎಂಬುದನ್ನಷ್ಟೇ ಯೋಚಿಸೋಣ.

ಯಜಮಾನರ ಮಾತನ್ನು ತಕ್ಕಡಿಗೆ ಹಾಕಿ ನೋಡೋಣ. 15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ 1.6ರಿಂದ 1.8 ಕೆಜಿ ತೂಗುತ್ತದೆ. ಹಳೆಯದಾದರೆ 2 ಕೆಜಿ ದಾಟುತ್ತದೆ. ಜಾಹೀರಾತಿನಲ್ಲಿ ಬರೆಯುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಅದರ ಇಟ್ಟಿಗೆಯಂಥ ಡಬ್ಬಿ, ದಪ್ಪ ತಂತಿ, ಮೌಸ್, ಚೀಲ ಎಲ್ಲ ಸೇರಿದರೆ ಎರಡೂವರೆ ಕೆಜಿ. ಎಂದರೆ ಒಂದು ಲೀಟರಿನ ಎರಡು ನೀರಿನ ಬಾಟಲಿ, ಅದರ ಮೇಲೆ ಅರ್ಧ ಲೀಟರಿನದ್ದು ಇನ್ನೊಂದು. ಬಟ್ಟೆ, ಉಮ್ಮನ ಔಷಧಿ, ಬುತ್ತಿ ಇವುಗಳ ಜೊತೆ ಅದನ್ನು ಹೊತ್ತು ಮೇಖ್ರಿ ಸರ್ಕಲ್ ದಾಟಿ ಯಶವಂತಪುರ ನಿಲ್ದಾಣದ ಮೆಟ್ಟಿಲು ಹತ್ತಬೇಕು, ಕಬಕ ಪುತ್ತೂರಿನಲ್ಲಿ ರೈಲು ನಿಂತ ಸ್ವಲ್ಪ ಹೊತ್ತಿನಲ್ಲೇ ಇಳಿಯಬೇಕು. ಹೊರುವವರು ಯಜಮಾನರಲ್ಲ! ಅದಲ್ಲದೆ ಆ ವಾರ ಮಕ್ಕಳ ಓದಿಗೆ ಏನು ಗತಿ?

ಮಗನ ಮಾತು ಅರ್ಧ ಸರಿ. ಮೊಬೈಲಿನಲ್ಲಿ ಬಿಲ್ ನೋಡಬಹುದು, ಒಟಿಪಿ ಪಡೆಯಬಹುದು. ನೂರು ಬಿಲ್ಲುಗಳ ಲೆಕ್ಕ ಹೊಡೆಯಲು ಆಗದು. ಟ್ಯಾಲಿ ವಿಂಡೋಸ್ ಕಂಪ್ಯೂಟರಿಗೆ ಮಾಡಿದ ತಂತ್ರಾಂಶ. ಹಾಗಾಗಿ ಟ್ಯಾಬ್ಲೆಟ್ಟಿಗೆ ಕೀಬೋರ್ಡ್ ಸಿಕ್ಕಿಸುವುದು, ಕ್ರೋಮ್‌ಬುಕ್ ಕೊಳ್ಳುವುದು ಈ ಸಹೋದರಿಗೆ ಹೊಂದುವುದಿಲ್ಲ. ಬರೀ ಪತ್ರ ಬರೆಯುವವರಿಗೆ, ಆನ್‌ಲೈನ್ ಪಾಠ ಕೇಳುವವರಿಗೆ ಅವು ಸಾಕು, ಅಗ್ಗವೂ ಹೌದು.

ಸಣ್ಣದು ಕೊಳ್ಳುವಾಗ ಒಂದು ಎಚ್ಚರ ಬೇಕು. ಚಿಕ್ಕ ಕಂಪ್ಯೂಟರಿನ ಕನಸು ನಮ್ಮ ಬೆಂಗಳೂರಿನ ಉತ್ತರ ಭಾಗಕ್ಕೆ ಹೊಸದಲ್ಲ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮುಂದೆ ನಿಂತು ರೂಪಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವಂಥದ್ದು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆರಂಭದ ಬೆಲೆ ಸುಮಾರು 10 ಸಾವಿರ ರೂಪಾಯಿ. ಜನಸಾಮಾನ್ಯರಿಗೆಂದು, ಭಾರತೀಯ ಭಾಷೆಗಳಿಗೆಂದು ಮಾಡಿದ ಒಳ್ಳೆಯ ಯಂತ್ರ, ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2007ರಲ್ಲಿ ಅಸುಸ್ ಕಂಪೆನಿಯ ಈ ಪಿಸಿ ಬಂತು. ತೂಕ ಒಂದು ಕೆಜಿಗಿಂತ ಕಡಿಮೆ, ಪರದೆ ಬರೀ 7 ಇಂಚು. ಆದರೆ ಕೀಲಿಗಳು ಎಷ್ಟು ಇಕ್ಕಟ್ಟೆಂದರೆ ದೊಡ್ಡವರ ಬೆರಳು ಒಂದನ್ನು ಒತ್ತಿದರೆ ಎರಡು ಒತ್ತಿಕೊಳ್ಳುತ್ತಿದ್ದವು. ಆಗ ಹಗುರ ಬೇಕೆಂದರೆ ಎಲ್ಲವನ್ನೂ ಕಿರಿದು ಮಾಡಬೇಕಿತ್ತು. ಈಗ ಹಾಗಿಲ್ಲ. 13 ಅಥವಾ 14 ಇಂಚಿನ ಯಂತ್ರ ಪೂರ್ಣ ಅಳತೆಯ ಕೀಲಿಗಳೊಂದಿಗೆ 1.2ರಿಂದ 1.4 ಕೆಜಿಗೆ ಸಿಗುತ್ತದೆ. ಒಂದು ಕೆಜಿಯ ಒಳಗಿನವೂ ಇವೆ. ಆ ಕೊನೆಯ ಇನ್ನೂರು ಗ್ರಾಂ ಇಳಿಸಲು ಕೊಡಬೇಕಾದ ಹಣ ಮಾತ್ರ ಬಹಳ. ನನ್ನ ಅಭಿಪ್ರಾಯದಲ್ಲಿ ಮನೆಯ ಬಜೆಟ್ಟಿಗೆ ಅದು ಬೇಡ.

ನಮ್ಮ ಸಹೋದರಿಗೆ 14 ಇಂಚು ಸರಿ. ಅದಕ್ಕಿಂತ ಚಿಕ್ಕದಾದರೆ ಎಕ್ಸೆಲ್‌ನ ಕಾಲಂ ನೋಡಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಆದರೆ ಲೆಕ್ಕ ಬರೆಯುವವರು ಒಂದನ್ನು ಕಳೆದುಕೊಳ್ಳುತ್ತಾರೆ: ದೊಡ್ಡ ಲ್ಯಾಪ್‌ಟಾಪಿನ ಬಲಬದಿಯಲ್ಲಿರುವ ಅಂಕಿಗಳ ಪ್ಯಾಡ್ ಸಾಮಾನ್ಯವಾಗಿ ಇದರಲ್ಲಿ ಇರುವುದಿಲ್ಲ. ಬಲಗೈ ಅದಕ್ಕೇ ಪಳಗಿದ್ದರೆ ಮೊದಲ ದಿನವೇ ಸಿಟ್ಟು ಬರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಅಂಗೈಯಗಲದ ನಂಬರ್ ಪ್ಯಾಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನೂ ಕೊಳ್ಳಿ. ಅಂಗಡಿಯಲ್ಲಿ ನಿಂತುಕೊಂಡು ಪರದೆಯ ಬಣ್ಣ ನೋಡಿ ಬರಬೇಡಿ. ಕುಳಿತು, ಒಂದು ಬಿಲ್ಲಿನ ಅಂಕಿಗಳನ್ನು ಹತ್ತು ನಿಮಿಷ ಟೈಪ್ ಮಾಡಿ. ಒಂದೇ ಕೈಯಲ್ಲಿ ಎತ್ತಿ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಹಗುರ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ವಿಷಯವನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ. ತೆಳ್ಳಗೆ ಮಾಡುವುದಕ್ಕಾಗಿ ಹಲವುದರಲ್ಲಿ ರ್‍ಯಾಮ್ ಅನ್ನು ಒಳಗಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. "ಈಗ 4 ಜಿಬಿ ಇರಲಿ, ಆಮೇಲೆ ಹಾಕಿಸಿದರಾಯಿತು" ಎನ್ನುವಂತಿಲ್ಲ. 8 ಜಿಬಿಗಿಂತ ಕಡಿಮೆ ಬೇಡ, ಕೈಗೆಟುಕಿದರೆ 16. ಬಹಳ ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳಲ್ಲಿ 64 ಜಿಬಿ ಇಎಂಎಂಸಿ ಎಂಬ ಸಂಗ್ರಹ ಇರುತ್ತದೆ. ವಿಂಡೋಸ್ ತಾನೇ ಅದರ ಬಹುಪಾಲು ತುಂಬಿಬಿಡುತ್ತದೆ. ಎಸ್‌ಎಸ್‌ಡಿ, ಕನಿಷ್ಠ 256 ಜಿಬಿ ಎಂದು ಕೇಳಿ.

ಹೊಸದರ ಬೆಲೆ ಹೊರೆಯಾದರೆ? ಐಟಿ ಕಂಪೆನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಎಸ್.ಪಿ. ರಸ್ತೆಯ ಕಡೆ ಸಿಗುತ್ತವೆ. ಥಿಂಕ್‌ಪ್ಯಾಡ್‌ನ ಎಕ್ಸ್ ಸರಣಿ, ಡೆಲ್ ಲ್ಯಾಟಿಟ್ಯೂಡ್‌ನ 7000 ಸರಣಿ ಇವೆಲ್ಲ ತಿರುಗಾಡುವ ನೌಕರರಿಗೆಂದೇ ಮಾಡಿದವು. ಗಟ್ಟಿ, ಹಗುರ, ಕೀಬೋರ್ಡ್ ಚೆನ್ನ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ಬೇರೆಯವರ ಲೆಕ್ಕ, ಬ್ಯಾಂಕಿನ ವಿವರ ಇಟ್ಟುಕೊಳ್ಳುವವರು ಅದಕ್ಕಿಂತ ಹಳೆಯದಕ್ಕೆ ಹಣ ಹಾಕಬಾರದು. ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಮೊದಲು ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳು ಅದರಲ್ಲಿ ಇರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಹೊಸದಾದರೂ "15 ಗಂಟೆ ಬ್ಯಾಟರಿ" ಎಂಬ ಮಾತನ್ನು ಹಾಗೇ ನಂಬಬೇಡಿ. ವ್ಯಾಟ್-ಅವರ್ ಎಂಬ ಅಂಕಿ ನೋಡಿ. 50 ಇದ್ದರೆ, ಇಂಥ ಕೆಲಸಕ್ಕೆ ಗಂಟೆಗೆ 7-8 ಖರ್ಚಾದರೂ ಆರೇಳು ಗಂಟೆ ಬಂದೀತು. ಊರಿನಲ್ಲಿ ಮಳೆಗಾಲ, ಕರೆಂಟಿನ ಅವಸ್ಥೆ ನಿಮಗೇ ಗೊತ್ತು. ರೈಲಿನ ಪ್ಲಗ್ ನಂಬಿ ಹೊರಡುವುದೂ ಬೇಡ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಅದರ ವಿದ್ಯುತ್ ನಿಲ್ಲಿಸುವ ಕ್ರಮ ರೈಲ್ವೆಯಲ್ಲಿದೆ. ಟೈಪ್-ಸಿ ತೂತಿನಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆರಿಸಿದರೆ 45 ಅಥವಾ 65 ವ್ಯಾಟಿನ ಒಂದೇ ಸಣ್ಣ ಚಾರ್ಜರ್ ಅದಕ್ಕೂ ಮೊಬೈಲಿಗೂ ಆಗುತ್ತದೆ, ಇಟ್ಟಿಗೆ ಮನೆಯಲ್ಲೇ ಉಳಿಯುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲವೆಂದೇ ತಿಳಿದು, ಬೇಕಾದ ಬಿಲ್ಲುಗಳನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಳ್ಳಿ.

ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವ ಓದುಗರಿಗೂ ಎರಡು ಮಾತು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಎರಡೂವರೆ ಕೆಜಿ ಲ್ಯಾಪ್‌ಟಾಪಿಗೇ ಹೋದರೆ ಮಗುವಿನ ಸಾಮಾನು ಎಲ್ಲಿಡುತ್ತೀರಿ? ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸೌದಿ, ದುಬೈಗೆ ಹೋಗುವವರು ಚೌಕಾಕಾರದ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಇಟ್ಟುಕೊಳ್ಳಿ.

ಬಿಲ್ಲನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ, ವಾರಂಟಿಯನ್ನೂ ನಿಮ್ಮ ಮೊಬೈಲ್ ನಂಬರಿಗೆ ನೋಂದಾಯಿಸಿ. ನಿಮ್ಮ ದುಡಿಮೆಯ ಹಣದಿಂದ ನಿಮ್ಮ ದುಡಿಮೆಗಾಗಿ ಕೊಂಡದ್ದು ಅದು. ಮಕ್ಕಳು ಆಟಕ್ಕೆ ಕೇಳಿದರೆ ದೊಡ್ಡದು ಇದ್ದೇ ಇದೆಯಲ್ಲ.

ಕೊನೆಗೆ ಪತ್ರ ಬರೆದ ಸಹೋದರಿಗೆ ಮಾತ್ರ ಒಂದು ಸೂಚನೆ. ಒಬ್ಬರ ಬಳಕೆಯ ಟ್ಯಾಲಿ ಲೈಸೆನ್ಸ್ ಒಂದು ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಹೊರಡುವ ಹಿಂದಿನ ರಾತ್ರಿಯೇ, ಮನೆಯ ಇಂಟರ್‌ನೆಟ್ ಇರುವಾಗ, ದೊಡ್ಡ ಲ್ಯಾಪ್‌ಟಾಪಿನಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ ಹೊಸದರಲ್ಲಿ ಚಾಲೂ ಮಾಡಿಕೊಳ್ಳಿ. ಲೆಕ್ಕದ ಬ್ಯಾಕಪ್ ಒಂದು ಪೆನ್‌ಡ್ರೈವಿನಲ್ಲಿರಲಿ. ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿನ ಚೀಲದಲ್ಲಿ ಇಡದೆ, ಉಮ್ಮನ ಔಷಧಿಯ ಜೊತೆ ಇಟ್ಟುಕೊಳ್ಳಿ.