ಹೂಂ ಅಂದರೆ ಒಪ್ಪಿಗೆಯಲ್ಲ

ಲೇತ್ ತಿರುಗುತ್ತಿರುವಾಗ ಯಾರೂ ಪೂರ್ಣ ವಾಕ್ಯದಲ್ಲಿ ಮಾತಾಡುವುದಿಲ್ಲ. ಹೈದರಾಬಾದಿನ ಬಾಲಾನಗರದಂಥ ಕೈಗಾರಿಕಾ ಪ್ರದೇಶದಲ್ಲಿ ಮೇಸ್ತ್ರಿ ತೆಲುಗಿನಲ್ಲೋ ದಖನಿಯಲ್ಲೋ ಅಳತೆ ಕೂಗಿ ಹೇಳುತ್ತಾನೆ; ಯಾದಗಿರಿ ಕಡೆಯಿಂದ ಬಂದ ಹುಡುಗ ‘ಹೂಂ’ ಅನ್ನುತ್ತಾನೆ. ಆ ಹೂಂಗೆ ಮೂರು ಅರ್ಥ ಇರಬಹುದು: ನಿಮ್ಮ ದನಿ ಕಿವಿಗೆ ಬಿತ್ತು, ನೀವು ಹೇಳಿದ್ದು ತಿಳಿಯಿತು, ಹಾಗೇ ಮಾಡುತ್ತೇನೆ. ಹುಡುಗ ಮೊದಲನೆಯದನ್ನು ಹೇಳಿರುತ್ತಾನೆ, ಮೇಸ್ತ್ರಿ ಮೂರನೆಯದನ್ನು ಕೇಳಿಸಿಕೊಂಡಿರುತ್ತಾನೆ. ಸಂಜೆ ಮಾಲು ಕೆಟ್ಟರೂ, ತಿಂಗಳ ಕೊನೆಗೆ ಓವರ್‌ಟೈಮಿನ ಲೆಕ್ಕ ಕೇಳಿದರೂ ಬರುವ ಉತ್ತರ ಒಂದೇ: ‘ಅವತ್ತು ಹೂಂ ಅಂದಿದ್ದೆಯಲ್ಲ?’

ಕನ್ನಡಿಗರಿಗೆ ಬಾಲಾನಗರ ಪರದೇಶವೇನಲ್ಲ. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದುಡಿಮೆ ಹುಡುಕುವವರಿಗೆ ಇವತ್ತಿಗೂ ಬೆಂಗಳೂರಿಗಿಂತ ಈ ಊರು ಹತ್ತಿರ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್‌ಎಎಲ್ 1965ರಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣಗಳ ವಿಭಾಗ ತೆರೆದದ್ದು ಇಲ್ಲೇ. 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಬಂತು. ಸುತ್ತ ಸಣ್ಣಪುಟ್ಟ ವರ್ಕ್‌ಶಾಪುಗಳು ಬೆಳೆದವು. ಹೀಗೆ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುವ ಮೂವತ್ತು ದಿನಗಳ ಭಾಷಾ ಪುಸ್ತಕಗಳಿವೆಯಲ್ಲ, ಅವುಗಳ ಮೇಲೆ ಮೊದಲ ದೂರು ಹೂಡಬೇಕು. ‘ಹೌದು’ ಎಂದರೆ ‘ಅವುನು’, ‘ಇಲ್ಲ’ ಎಂದರೆ ‘ಲೇದು’ ಎಂದು ಕಲಿಸಿ ಮುಂದಕ್ಕೆ ಹೋಗುವುದು ಈ ಪುಸ್ತಕಗಳ ರೂಢಿ. ಆದರೆ ಕಾರ್ಖಾನೆಯಲ್ಲಿ ದಿನವಿಡೀ ಕಿವಿಗೆ ಬೀಳುವುದು ತೆಲುಗಿನ ‘ಆಂ’, ‘ಊಂ’. ದಖನಿಯ ‘ಹೌ’, ‘ನಕ್ಕೋ’. ತೆಲುಗಿನವರು ದನಿ ಇಳಿಸಿ ‘ಆಂ’ ಅಂದರೆ ಒಪ್ಪಿದ್ದಾರೆ. ಕನ್ನಡದವರ ಬಾಯಲ್ಲಿ ‘ಆಂ’ ಸಾಮಾನ್ಯವಾಗಿ ಪ್ರಶ್ನೆ: ಏನಂದಿರಿ? ಎದುರಿನವನು ಒಪ್ಪಿದನೋ, ಮತ್ತೊಮ್ಮೆ ಹೇಳು ಅಂದನೋ ಎಂಬುದು ದನಿಯ ಏರಿಳಿತದಲ್ಲಿದೆ. ಯಂತ್ರದ ಸದ್ದಿನಲ್ಲಿ ಮೊದಲು ಕಳೆದುಹೋಗುವುದೂ ಅದೇ.

ಇಂಥವನ್ನು ಕಲಿಸಲು ಏನಿದೆ, ಅವು ಬರೀ ಸದ್ದುಗಳಲ್ಲವೇ ಎನ್ನುವವರಿದ್ದಾರೆ. ಅವರು ಶಾಲೆಯ ವ್ಯಾಕರಣ ಓದಿ ಬೆಳೆದವರು. ಅಯ್ಯೋ, ಆಹಾ, ಛೇ ಎಲ್ಲವೂ ಅಲ್ಲಿ ಭಾವಸೂಚಕಾವ್ಯಯ. ನಾಲ್ಕು ಉದಾಹರಣೆ ಬಾಯಿಪಾಠ ಮಾಡಿದರೆ ಪಾಠ ಮುಗಿಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೊಂದು ಪ್ರಕರಣವನ್ನೇ ಕೊಟ್ಟ. ಏಳು ಶತಮಾನ ಕಳೆದ ಮೇಲೂ ಪಠ್ಯಪುಸ್ತಕ ಅವ್ಯಯದ ಪಟ್ಟಿಯಾಚೆ ಹೋಗಿಲ್ಲ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅದರ ಸುತ್ತ ಎದ್ದ ಜಗಳವೆಲ್ಲ ಮಹಾಪ್ರಾಣದ ಮೇಲೆ, ಸಂಸ್ಕೃತದ ಮೇಲೆ. ದಿನಕ್ಕೆ ನೂರು ಸಲ ಬಾಯಿಂದ ಹೊರಡುವ ಹೂಂ ಬಗ್ಗೆ ಯಾರೂ ಜಗಳಕ್ಕಿಳಿಯಲಿಲ್ಲ.

ಹೂಂ ಬರೀ ಸದ್ದಾಗಿದ್ದರೆ ಅದಕ್ಕೆ ಮರ್ಯಾದೆಯ ‘ರಿ’ ಅಂಟುತ್ತಿರಲಿಲ್ಲ. ಕಲಬುರಗಿಯ ಹೆಂಗಸು ‘ಹೂನ್ರೀ’ ಅನ್ನುತ್ತಾಳೆ, ಮಂಡ್ಯದವಳು ‘ಹೂಂ ಕಣವ್ವ’, ಮಲೆನಾಡಿನವನು ‘ಹೂಂ ಮಾರಾಯ’. ಗೆಳೆಯನಿಗೆ ‘ಹೂಂ ಕಣೋ’, ಗೆಳತಿಗೆ ‘ಹೂಂ ಕಣೇ’. ಕೆಮ್ಮಿಗೆ ಯಾರೂ ‘ರೀ’ ಸೇರಿಸುವುದಿಲ್ಲ. ಹೂಂಗುಟ್ಟು ಎಂಬ ಕ್ರಿಯಾಪದವೂ ಇದೆ. ಅಜ್ಜಿ ಕತೆ ಹೇಳುವಾಗ ಮೊಮ್ಮಗು ಹೂಂಗುಟ್ಟಬೇಕು, ನಿಲ್ಲಿಸಿತೋ ಕತೆಯೂ ನಿಲ್ಲುತ್ತದೆ. ತೆಲುಗಿನಲ್ಲಿ ಇದಕ್ಕೇ ‘ಊ ಕೊಟ್ಟು’ ಅನ್ನುತ್ತಾರೆ. ಕತೆಗೆ ಹೂಂಗುಟ್ಟುವ ಮಗು ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದದ್ದನ್ನು ಒಪ್ಪಿಕೊಳ್ಳುತ್ತಿದೆಯೇ? ಇಲ್ಲ. ಮುಂದೆ ಹೇಳು ಅನ್ನುತ್ತಿದೆ, ಅಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ ಇಂಗ್ಲಿಷಿನ ‘ಅಹಂ’ ಕುರಿತು 1982ರಲ್ಲಿ ತೋರಿಸಿದ್ದೂ ಇದನ್ನೇ: ಕೇಳುವವನು ತನ್ನ ಸರದಿ ಬಿಟ್ಟುಕೊಟ್ಟು, ನೀನೇ ಮುಂದುವರಿಸು ಎನ್ನುವ ಕೆಲಸ ಅದು. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ಕಂತ್ರಾಟುದಾರನಿಗೆ ಗೊತ್ತಿಲ್ಲ. ಅಥವಾ ಗೊತ್ತಿಲ್ಲದಂತೆ ಇರುವುದರಲ್ಲಿ ಅವನಿಗೆ ಲಾಭವಿದೆ.

ಇಂಗ್ಲಿಷಿನ ಆ ಸದ್ದಿನ ಮುಂದೆ ಕನ್ನಡಿಗರೂ ತೆಲುಗರೂ ಹಿಂದಿಯವರೂ ಒಂದೇ ಗುಂಡಿಗೆ ಬೀಳುತ್ತಾರೆ. ಬಾಯಿ ಮುಚ್ಚಿ ‘ಮ್ಹಂ’, ಬಾಯಿ ತೆರೆದು ‘ಅಹಂ’: ಅಮೆರಿಕದವನಿಗೆ ಎರಡೂ ‘ಹೌದು’. ನಮ್ಮ ‘ಊಹೂಂ’ ಅದರ ಅವಳಿಯಂತೆ ಕೇಳಿಸುತ್ತದೆ, ಅರ್ಥ ಮಾತ್ರ ‘ಸುತರಾಂ ಇಲ್ಲ’. 2021ರ ‘ಪುಷ್ಪ’ ಚಿತ್ರದ ಆ ಕುಣಿತದ ಹಾಡಿನ ಪಲ್ಲವಿ ನಿಂತಿರುವುದೇ ಒಪ್ಪುವ ಸದ್ದು, ಒಲ್ಲೆನ್ನುವ ಸದ್ದು ಎರಡರ ಮೇಲೆ.  ಸಿನಿಮಾದವರಿಗೆ ತಿಳಿದದ್ದು ಪಠ್ಯಪುಸ್ತಕದವರಿಗೆ ತಿಳಿಯಲಿಲ್ಲ.

ಇಂಗ್ಲಿಷ್ ಕಲಿಯುವ ಚೀನೀಯರಿಗೂ ‘ಅಹಂ’ ತಲೆನೋವೇ. ಥ್ಯಾಂಕ್ಸ್ ಹೇಳಿದರೆ ಅಮೆರಿಕದವನು ‘ಅಹಂ’ ಅಂದು ಸುಮ್ಮನಾಗುತ್ತಾನೆ. ಅದು ‘ಪರವಾಗಿಲ್ಲ ಬಿಡಿ’ ಎಂಬ ಸೌಜನ್ಯವೆಂದು ಹೊಸಬರಿಗೆ ತೋಚುವುದು ಕಷ್ಟ. ಅದನ್ನೇ ಎಳೆದು ಹೇಳಿದರೆ ‘ನಿನ್ನ ಮಾತು ನಂಬಿದೆ ಬಿಡು’ ಎಂಬ ವ್ಯಂಗ್ಯ. ಮ್ಯಾಂಡರಿನ್ ಮಾತಾಡುವವರು ಎದುರಿನವರ ಮಾತಿನ ನಡುವೆ ಇಂಥ ಸದ್ದು ಹಾಕುವುದು ಇಂಗ್ಲಿಷಿನವರಿಗಿಂತಲೂ ಜಪಾನಿಯರಿಗಿಂತಲೂ ಕಡಿಮೆ ಎಂದು ಪೆಟ್ರೀಶಿಯಾ ಕ್ಲಾನ್ಸಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಕಡಿಮೆ ಬಳಸಿದರೂ ತಮ್ಮ ಸದ್ದುಗಳಿಗೆ ಅವರು ಕೊಟ್ಟಿರುವ ಜಾಗ ನೋಡಿ. ಮ್ಯಾಂಡರಿನ್‌ನ ಪ್ರಮಾಣ ನಿಘಂಟಿನಲ್ಲಿ ನಮ್ಮ ಹೂಂಗೆ ಸಮನಾದ ‘ಅಂ’ ಒಂದೇ ಅಕ್ಷರ, ಆದರೆ ದನಿಗೊಂದು ನಮೂದು: ಏರಿದರೆ ಪ್ರಶ್ನೆ, ಇಳಿದು ಏರಿದರೆ ಅಚ್ಚರಿ, ಇಳಿದರೆ ಒಪ್ಪಿಗೆ. ‘ಆ’ ಸದ್ದಿಗೆ ನಾಲ್ಕೂ ಧಾಟಿ. ಕನ್ನಡದಲ್ಲಿ ಕಾಗುಣಿತವೇ ನಿಂತಿಲ್ಲ: ಹೂಂ, ಹುಂ, ಹ್ಞೂಂ, ಊಂ. (ಸ್ವತಂತ್ರವಾಗಿ ಕೆಲಸವೇ ಇಲ್ಲದ ಞ ಅಕ್ಷರಕ್ಕೆ ಕತೆಗಾರರು ಮೂಗಿನ ದನಿ ತೋರಿಸುವ ಕೆಲಸ ಕೊಟ್ಟಿದ್ದಾರೆ. ವೈಯಾಕರಣರು ಮಾಡದ ಉಪಕಾರವಿದು.)

ಎರಡನೆಯ ದೂರು ಮಾತನ್ನು ಬರಹಕ್ಕಿಳಿಸುವ ಕಸುಬಿನ ಮೇಲೆ. ಸಂದರ್ಶನವಿರಲಿ, ಸಬ್‌ಟೈಟಲ್ ಇರಲಿ, ಯಂತ್ರಕ್ಕೆ ಕನ್ನಡ ಕಲಿಸುವ ಧ್ವನಿಮುದ್ರಣವಿರಲಿ, ಬರೆಯುವವರಿಗೆ ಸಾಮಾನ್ಯವಾಗಿ ಸಿಗುವ ಸೂಚನೆ: ಆಂ ಊಂ ತೆಗೆದು ಶುದ್ಧ ಪ್ರತಿ ಕೊಡಿ. ತೆಗೆಯುವುದು ಹೋಗಲಿ, ಉಳಿಸಿಕೊಂಡಾಗ ಆಗುವುದು ಇನ್ನೂ ಕೆಟ್ಟದ್ದು: ಎಲ್ಲ ಹೂಂಗಳೂ ‘ಹೌದು’ ಆಗುತ್ತವೆ. ಅಧಿಕಾರಿ ಮಾತಾಡುತ್ತಿರುವಾಗ ಹೆದರಿಕೊಂಡು ಹೂಂಗುಟ್ಟಿದ ಹೆಂಗಸು ಕಾಗದದ ಮೇಲೆ ಪ್ರತಿಯೊಂದಕ್ಕೂ ‘ಹೌದು’ ಎಂದವಳಾಗುತ್ತಾಳೆ. ಅದು ಶುದ್ಧ ಪ್ರತಿಯಲ್ಲ, ಸುಳ್ಳು ಪ್ರತಿ.

ಜನ ಹೇಗೋ ಕಲಿತುಕೊಳ್ಳುತ್ತಾರೆ, ಒಂದು ತಿಂಗಳು ಇದ್ದರೆ ಸಾಕು ಎಂಬ ವಾದ ಉಳಿಯುತ್ತದೆ. ನಿಜ, ಕಲಿಯುತ್ತಾರೆ. ಆದರೆ ಆ ತಿಂಗಳಲ್ಲೇ ಕೂಲಿ ಎಷ್ಟು, ಪಾಳಿ ಯಾವುದು, ಮುಂಗಡ ಹೇಗೆ ಮುರಿದುಕೊಳ್ಳುವುದು ಎಲ್ಲ ತೀರ್ಮಾನವಾಗಿರುತ್ತದೆ. ಮೇಸ್ತ್ರಿ ಕನ್ನಡದ ಹೂಂ ಕಲಿಯಬೇಕಾಗಿಲ್ಲ, ಹುಡುಗ ಮಾತ್ರ ತೆಲುಗಿನ ಆಂ ಕಲಿಯಬೇಕು; ಕಲಿಯುವ ಖರ್ಚೂ ಅವನದೇ. ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಒಪ್ಪಿಗೆ ಎಂದು 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಂ ಹೇಳುತ್ತದೆ. ಆ ಅಳತೆಗೆ ನಿಲ್ಲುವ ಹೂಂಗಳು ಎಷ್ಟಿದ್ದಾವು?

ಇದಕ್ಕೆ ಮದ್ದು ಬಾಲಾನಗರದಲ್ಲೇ ಇದೆ. ಎಚ್‌ಎಎಲ್‌ನ ಆ ವಿಭಾಗ ತಯಾರಿಸುವ ಉಪಕರಣಗಳಲ್ಲಿ ವಿಮಾನದ ರೇಡಿಯೋಗಳೂ ಸೇರಿವೆ. ಅಂಥ ರೇಡಿಯೋದಲ್ಲಿ ಪೈಲಟ್ ‘ಹೂಂ’ ಅನ್ನುವಂತಿಲ್ಲ. ‘ರಾಜರ್’ ಎಂದರೆ ನೀವು ಹೇಳಿದ್ದೆಲ್ಲ ತಲುಪಿತು, ಅಷ್ಟೇ. ಹೌದು-ಇಲ್ಲ ಕೇಳಿದ ಪ್ರಶ್ನೆಗೆ ಅದನ್ನು ಉತ್ತರವಾಗಿ ಬಳಸಕೂಡದು. ಹೌದು ಎನ್ನಲು ‘ಅಫರ್ಮ್’. ತಿಳಿಯಿತು, ಹಾಗೇ ಮಾಡುತ್ತೇನೆ ಎನ್ನಲು ‘ವಿಲ್ಕೋ’. ಎತ್ತರದ ಅಂಕಿ ಕೊಟ್ಟರೆ ಅದನ್ನು ತಿರುಗಿ ಹೇಳಲೇಬೇಕು. ಹೂಂ ಒಳಗೆ ಕಲಸಿಹೋಗಿರುವ ಅರ್ಥಗಳನ್ನು ವಿಮಾನದವರು ಬೇರೆ ಬೇರೆ ಪದಗಳಾಗಿ ಬಿಡಿಸಿಟ್ಟಿದ್ದಾರೆ. ಗಗನದಲ್ಲಿ ಜೀವ ಹೋದೀತೆಂದು ಪಾಲಿಸುವ ಈ ಶಿಸ್ತು ಅದೇ ಬಾಲಾನಗರದ ಪ್ರೆಸ್ ಯಂತ್ರದ ಮುಂದೆ ಬೆರಳಿಡುವವನಿಗೆ ಬೇಡವೇ?

ಕನ್ನಡಿಗರಿಗೆ ತೆಲುಗು, ಹೊರಗಿನವರಿಗೆ ಕನ್ನಡ ಕಲಿಸುವ ಪುಸ್ತಕ ಇನ್ನು ಮುಂದೆ ಯಾರೇ ಬರೆಯಲಿ, ‘ನಿಮ್ಮ ಹೆಸರೇನು’ ಪಾಠಕ್ಕಿಂತ ಮೊದಲು ಒಂದು ಪುಟ ಇದಕ್ಕೆ ಮೀಸಲಿಡಬೇಕು. ಆಂ, ಊಂ, ಹೂಂ, ಊಹೂಂ, ಹೌ, ನಕ್ಕೋ: ಒಂದೊಂದರ ಪಕ್ಕ ದನಿ ಏರುವ, ಇಳಿಯುವ ಬಾಣದ ಗುರುತು, ಕೇಳಿ ಕಲಿಯಲು ಧ್ವನಿಮುದ್ರಣ. ಆಮೇಲೆ ಎರಡು ಸಾಲು, ತೆಲುಗಿನಲ್ಲೂ ದಖನಿಯಲ್ಲೂ: ‘ಕೇಳಿಸಿತು, ಆದರೆ ತಿಳಿಯಲಿಲ್ಲ.’ ‘ಕೇಳಿಸಿತು, ತಿಳಿಯಿತು, ಆದರೆ ಈ ಕೂಲಿಗೆ ಮಾಡುವುದಿಲ್ಲ.’